ಎಚ್‌ಐವಿ ತಪಾಸಣೆ ಮತ್ತು ಚಿಕಿತ್ಸೆ: ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಂಡಿ, ಜಮಖಂಡಿ, ಮುಧೋಳ, ಅಥಣಿ, ಸವದತ್ತಿ ತಾಲ್ಲೂಕುಗಳ ಹಳ್ಳಿಗಳಿಂದ ಸೋಂಕಿತರನ್ನು ದವಾಖಾನೆಗೆ ಕರೆದೊಯ್ಯುವ, ಬರುವುದನ್ನು ನಿಲ್ಲಿಸಿದವರ ಮನೆ ಹುಡುಕಿಕೊಂಡು ಹೋಗುವ ಕೆಲಸದಲ್ಲಿ ನಾನು ಹಲವು ವರ್ಷಗಳಿಂದ ಇದ್ದೇನೆ. ಬಸ್ಸಿನಲ್ಲಿ, ಸಾಲಿನಲ್ಲಿ, ಮನೆಯ ಕಟ್ಟೆಯ ಮೇಲೆ ಮತ್ತು ಹೆಸರು ಬರೆಯದ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನಮ್ಮ ದೇಶದಲ್ಲಿ ಎಚ್‌ಐವಿಯನ್ನು ಹಿಡಿತದಲ್ಲಿಡುವ ಎಆರ್‌ಟಿ ಗುಳಿಗೆಗಳನ್ನು ಸರ್ಕಾರ ಉಚಿತವಾಗಿ ಕೊಡಲು ಆರಂಭಿಸಿದ್ದು 2004ರ ಏಪ್ರಿಲ್‌ನಲ್ಲಿ. ಅಷ್ಟಾದರೂ ಇಂದಿಗೂ ಜನ ತಡವಾಗಿ ಬರುತ್ತಾರೆ, ನಡುವೆ ಬಿಡುತ್ತಾರೆ, ಕೆಲವರು ಬರುವುದೇ ಇಲ್ಲ. ನಾನು ಕಂಡಂತೆ ಇದಕ್ಕೆ ಕಾರಣ ಔಷಧದ ಕೊರತೆಗಿಂತ ಹೆಚ್ಚಾಗಿ ತಪ್ಪಿಹೋಗುವ ಒಂದು ದಿನದ ಕೂಲಿ, ಪರಿಚಯದವರ ಕಣ್ಣಿಗೆ ಬೀಳುವ ಅಂಜಿಕೆ, ಮತ್ತು ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಹೋಗುವಾಗ ಕಳೆದುಹೋಗುವ ಚೀಟಿ. ಆದ್ದರಿಂದ ಉತ್ತರಗಳೂ ಹೆಚ್ಚಾಗಿ ಅವುಗಳ ಸುತ್ತಲೇ ಇವೆ.

## ತಪಾಸಣೆ

ರಕ್ತ ಎಲ್ಲಿ ತೋರಿಸ್ಬೇಕ್ರಿ, ರೊಕ್ಕ ಎಷ್ಟ ಹತ್ತತೈತಿ?

ಸರ್ಕಾರಿ ದವಾಖಾನೆಯಲ್ಲಿ ರೊಕ್ಕ ಹತ್ತುವುದಿಲ್ಲ. ಜಿಲ್ಲಾ ಆಸ್ಪತ್ರೆ, ತಾಲ್ಲೂಕು ಆಸ್ಪತ್ರೆ ಮತ್ತು ಅನೇಕ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರವಿದೆ. ಎಲ್ಲರೂ ಅದನ್ನು ಐಸಿಟಿಸಿ ಎನ್ನುತ್ತಾರೆ. ಅಲ್ಲಿ ತಪಾಸಣೆಯೂ ಉಚಿತ, ಅದಕ್ಕೆ ಮೊದಲು ಮತ್ತು ನಂತರ ಸಮಾಲೋಚಕರ ಜೊತೆ ನಡೆಯುವ ಮಾತುಕತೆಯೂ ಉಚಿತ. ಅನೇಕ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮೊದಲ ಹಂತದ ತಪಾಸಣೆ ಮಾಡುತ್ತಾರೆ. ಅದರಲ್ಲಿ ಅನುಮಾನ ಕಂಡುಬಂದರೆ ಖಚಿತಪಡಿಸಿಕೊಳ್ಳಲು ಐಸಿಟಿಸಿಗೆ ಚೀಟಿ ಬರೆದು ಕಳುಹಿಸುತ್ತಾರೆ. ಜನ ಜಾರಿಹೋಗುವ ಮೊದಲ ಜಾಗ ಇದೇ. ಆ ಚೀಟಿ ನಾಲ್ಕು ಮಡಿಕೆಯಾಗಿ ಅಂಗಿಯ ಕಿಸೆಯಲ್ಲೇ ಉಳಿದು, ಅಂಗಿಯ ಜೊತೆ ಒಗೆದು ಹೋದದ್ದನ್ನು ನಾನು ನೋಡಿದ್ದೇನೆ. ಚೀಟಿ ಸಿಕ್ಕ ದಿನವೇ ಹೋಗಲು ಆಗದಿದ್ದರೆ, ಯಾವ ದಿನ ಹೋಗುತ್ತೀರೆಂದು ಅಲ್ಲಿಯೇ ಹೇಳಿ, ಸಮಾಲೋಚಕರ ಫೋನ್ ನಂಬರ್ ಬರೆದುಕೊಂಡು ಬನ್ನಿ. ಹತ್ತಿರದ ಕೇಂದ್ರ ಯಾವುದೆಂದು ತಿಳಿಯದವರು 1097 ಸಹಾಯವಾಣಿಗೆ ಕರೆ ಮಾಡಬಹುದು. ಕರೆ ಉಚಿತ, ಹೆಸರು ಹೇಳಬೇಕಾಗಿಲ್ಲ.

ನಾ ಗಟ್ಟಿ ಅದೀನಿ, ಜ್ವರಾ ಸೈತ ಬಂದಿಲ್ಲ. ಯಾಕ ತಪಾಸ್ ಮಾಡಿಸ್ಲಿ?

ಎಚ್‌ಐವಿ ದೇಹದೊಳಗೆ ಹೊಕ್ಕ ಮೇಲೆ ಎಂಟು ಹತ್ತು ವರ್ಷಗಳವರೆಗೂ ಹೊರಗೆ ಏನನ್ನೂ ತೋರಿಸದೆ ಇರಬಹುದು. ಆ ವರ್ಷಗಳಲ್ಲಿ ಅದು ದೇಹದ ರೋಗನಿರೋಧಕ ಶಕ್ತಿಯನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸುತ್ತಿರುತ್ತದೆ, ಇನ್ನೊಬ್ಬರಿಗೆ ದಾಟಲೂಬಹುದು. ದೇಶದಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವ ಸುಮಾರು 25 ಲಕ್ಷ ಜನರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ತಮಗೆ ಸೋಂಕಿದೆ ಎಂಬುದೇ ಗೊತ್ತಿಲ್ಲವೆಂದು ರಾಷ್ಟ್ರೀಯ ಅಂದಾಜುಗಳು ಹೇಳುತ್ತವೆ. ಸೋಂಕಿತರ ಸಂಖ್ಯೆಯಲ್ಲಿ ಮಹಾರಾಷ್ಟ್ರ ಮತ್ತು ಆಂಧ್ರಪ್ರದೇಶದ ನಂತರದ ಸ್ಥಾನ ಕರ್ನಾಟಕದ್ದು, ಮತ್ತು ನಮ್ಮ ಮೂರು ಜಿಲ್ಲೆಗಳಲ್ಲಿ ವಿಜಯಪುರ ಮತ್ತು ಬೆಳಗಾವಿ ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಿವೆ.

ಇದರಲ್ಲಿ ಗಂಡು ಹೆಣ್ಣಿನ ನಡುವೆ ಒಂದು ವ್ಯತ್ಯಾಸವಿದೆ. ಹೆಣ್ಣುಮಕ್ಕಳಿಗೆ ಗರ್ಭಿಣಿಯಾದಾಗ ತಪಾಸಣೆ ಆಗಿಬಿಡುತ್ತದೆ. ಗಂಡಸರಿಗೆ ಹಾಗೆ ದವಾಖಾನೆಯ ಬಾಗಿಲು ತುಳಿಯುವ ಸಂದರ್ಭವೇ ಬರುವುದಿಲ್ಲ. ಅನೇಕರು ಬರುವುದು ತೂಕ ಇಳಿದು, ಕೆಮ್ಮು ಹಿಡಿದು, ಹಾಸಿಗೆ ಸೇರಿದ ಮೇಲೆ. ಇದರ ಫಲವಾಗಿ, ಮೊದಲು ತಪಾಸಣೆಯಾದ ಹೆಂಡತಿಯೇ ‘ತಂದವಳು’ ಎನ್ನಿಸಿಕೊಳ್ಳುತ್ತಾಳೆ. ಮೊದಲು ತಪಾಸಣೆ ಆದವರಿಗೇ ಮೊದಲು ಸೋಂಕು ಬಂದಿತ್ತು ಎಂದು ತಿಳಿಯುವುದು ಶುದ್ಧ ತಪ್ಪು.

ಒಂದ ತಾಟಿನ್ಯಾಗ ಉಂಡ್ರ, ಸೊಳ್ಳಿ ಕಡದ್ರ ಬರತೈತೇನು?

ಬರುವುದಿಲ್ಲ. ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ, ಒಬ್ಬರು ಬಳಸಿದ ಸೂಜಿ, ಮತ್ತು ತಾಯಿಯಿಂದ ಮಗುವಿಗೆ: ದಾರಿಗಳು ಇಷ್ಟೇ.

ಖಾಸಗಿ ಲ್ಯಾಬಿನಲ್ಲಿ ಪಾಸಿಟಿವ್ ಎಂದು ಬರೆದುಕೊಟ್ಟಿದ್ದಾರೆ. ಇದನ್ನು ನಂಬಬೇಕೇ?

ಒಂದೇ ಕಿಟ್‌ನಿಂದ ಮಾಡಿದ ಒಂದೇ ತಪಾಸಣೆಯ ಮೇಲೆ ಯಾರಿಗೂ ಎಚ್‌ಐವಿ ಇದೆಯೆಂದು ತೀರ್ಮಾನಿಸುವಂತಿಲ್ಲ. ಐಸಿಟಿಸಿಯಲ್ಲಿ ಬೇರೆ ಬೇರೆ ಬಗೆಯ ಮೂರು ಕಿಟ್‌ಗಳಲ್ಲೂ ಸೋಂಕು ಕಂಡುಬಂದರೆ ಮಾತ್ರ ಪಾಸಿಟಿವ್ ಎಂದು ವರದಿ ಕೊಡುತ್ತಾರೆ. ಹಾಗೆಯೇ ನೆಗೆಟಿವ್ ಬಂದಿತೆಂದು ಕೂಡಲೇ ನಿಶ್ಚಿಂತರಾಗುವುದೂ ಸರಿಯಲ್ಲ, ಏಕೆಂದರೆ ಸೋಂಕು ತಗಲಿದ ಮೊದಲ ಕೆಲವು ವಾರ ತಪಾಸಣೆಯಲ್ಲಿ ಅದು ಕಾಣಿಸದೆ ಹೋಗಬಹುದು. ಅನುಮಾನದ ಘಟನೆ ಇತ್ತೀಚಿನದಾಗಿದ್ದರೆ ಮೂರು ತಿಂಗಳು ಕಳೆದ ಮೇಲೆ ಮತ್ತೊಮ್ಮೆ ಮಾಡಿಸಬೇಕು. ಖಾಸಗಿ ಲ್ಯಾಬಿನ ಕಾಗದ ಹಿಡಿದು ಊರಿನ ಯಾರನ್ನೋ ಕೇಳುವ ಬದಲು ಅದೇ ಕಾಗದದೊಂದಿಗೆ ನೇರವಾಗಿ ಐಸಿಟಿಸಿಗೆ ಹೋಗಿ.

## ಗುಳಿಗೆ, ದೂರ ಮತ್ತು ದುಡಿಮೆ

2012ರಾಗ ‘ಸಿಡಿ4 ಚೊಲೋ ಐತಿ, ಗುಳಿಗಿ ಈಗ ಬ್ಯಾಡ’ ಅಂದಿದ್ರು. ಈಗ ಹೋದ್ರ ಬೈತಾರೇನು?

ಈ ಪ್ರಶ್ನೆಯನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಇಲ್ಲಿ ತಪ್ಪು ರೋಗಿಯದ್ದಲ್ಲ. ಆಗಿನ ನಿಯಮವೇ ಹಾಗಿತ್ತು. ರೋಗದ ವಿರುದ್ಧ ಹೋರಾಡುವ, ರಕ್ತದಲ್ಲಿನ ಸಿಡಿ4 ಕಣಗಳ ಸಂಖ್ಯೆ ಒಂದು ಮಿತಿಗಿಂತ ಕೆಳಗೆ ಇಳಿದವರಿಗೆ ಮಾತ್ರ ಗುಳಿಗೆ ಆರಂಭಿಸುತ್ತಿದ್ದರು. ಆ ಮಿತಿ ಆರಂಭದಲ್ಲಿ 200 ಇದ್ದದ್ದು ಮುಂದೆ 350, ಆಮೇಲೆ 500 ಆಯಿತು. 2017ರಲ್ಲಿ ಮಿತಿಯನ್ನೇ ತೆಗೆದುಹಾಕಿ, ಸೋಂಕು ಖಚಿತವಾದ ಪ್ರತಿಯೊಬ್ಬರಿಗೂ ಸಿಡಿ4 ಎಷ್ಟೇ ಇರಲಿ ಚಿಕಿತ್ಸೆ ಕೊಡಬೇಕೆಂದು ನಿಯಮ ಬದಲಾಯಿಸಿದರು. ನಿಯಮ ಬದಲಾದ ಸುದ್ದಿ ಮಾತ್ರ ‘ಆರು ತಿಂಗಳು ಬಿಟ್ಟು ಬಾ’ ಎಂದು ಹೇಳಿಸಿಕೊಂಡು ಮನೆಗೆ ಹೋದವರೆಲ್ಲರನ್ನೂ ಮುಟ್ಟಲಿಲ್ಲ. ಕೆಲವರು ವಿಳಾಸ ಬದಲಿಸಿದ್ದರು, ಕೆಲವರು ‘ನನಗೆ ಅಷ್ಟೇನೂ ಇಲ್ಲ’ ಎಂದು ನಂಬಿ ಉಳಿದರು.

ಈಗ ಹೋದರೆ ಹಳೆಯ ಕಾಗದ ಇದ್ದರೆ ಒಯ್ಯಿರಿ, ಇಲ್ಲದಿದ್ದರೂ ಹೋಗಿ. ಮತ್ತೆ ತಪಾಸಣೆ ಮಾಡಿ, ಟಿಬಿ ಮುಂತಾದವು ಇಲ್ಲವೆಂದು ನೋಡಿಕೊಂಡು, ಆದಷ್ಟು ಬೇಗ ಗುಳಿಗೆ ಆರಂಭಿಸುತ್ತಾರೆ. ಬೈದರೆ ಏನು ಮಾಡುವುದು ಎಂದು ಕೇಳುತ್ತೀರಿ. ಬೈಯುವವರು ಒಮ್ಮೊಮ್ಮೆ ಸಿಗುತ್ತಾರೆ, ಸುಳ್ಳು ಹೇಳುವುದಿಲ್ಲ. ಸಮಾಲೋಚಕರನ್ನು ಮೊದಲು ಕಂಡು, ಯಾವ ವರ್ಷ ಏನು ಹೇಳಿ ಕಳುಹಿಸಿದ್ದರು ಎಂಬುದನ್ನು ತಿಳಿಸಿದರೆ ಮುಂದಿನ ಕೋಣೆಯಲ್ಲಿ ನಿಮ್ಮ ಪರವಾಗಿ ಮಾತನಾಡಲು ಒಬ್ಬರಿರುತ್ತಾರೆ.

ಮೊದಲಿನ ಗುಳಿಗಿ ತಗೊಂಡ ನಮ್ಮ ಮಾವಗ ಗಲ್ಲ ಬತ್ತಿ ಹೋಗಿದ್ದು. ಈಗಿನ ಗುಳಿಗಿನೂ ಹಂಗೇನ್ರಿ?

ಅಲ್ಲ. ಗಲ್ಲ ಬತ್ತಿಸುತ್ತಿದ್ದದ್ದು ಸ್ಟಾವುಡಿನ್ ಎಂಬ ಹಳೆಯ ಔಷಧ. ಅದನ್ನು ಕೈಬಿಟ್ಟು ಬಹಳ ವರ್ಷಗಳಾದವು. ಈಗ ಹೆಚ್ಚಿನ ವಯಸ್ಕರಿಗೆ ಟೆನೊಫೊವಿರ್, ಲ್ಯಾಮಿವುಡಿನ್ ಮತ್ತು ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಗುಳಿಗೆಯನ್ನು ದಿನಕ್ಕೊಮ್ಮೆ ಕೊಡುತ್ತಾರೆ. ಟಿಎಲ್‌ಡಿ ಎಂದು ಕರೆಯುವ ಇದು ವೈರಸ್ಸನ್ನು ಬೇಗ ತಗ್ಗಿಸುತ್ತದೆ. ಕೆಲವರಿಗೆ ಮೊದಲ ದಿನಗಳಲ್ಲಿ ತಲೆನೋವು ಬರಬಹುದು, ನಿದ್ದೆ ಕೆಡಬಹುದು, ಕೆಲವರ ತೂಕ ಏರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಮೊದಲೇ ಹೇಳಬೇಕು. ಹಳೆಯ ಗುಳಿಗೆಯ ನೆನಪಿನಿಂದ ಇಂದಿಗೂ ಚಿಕಿತ್ಸೆಗೆ ಹೆದರುವ ಮನೆಗಳು ನಮ್ಮಲ್ಲಿ ಬಹಳ ಇವೆ.

ಅಥಣಿಯಿಂದ ಬೆಳಗಾವಿಗೆ ಹೋಗಿ ಬರಲು ಇಡೀ ದಿನ ಬೇಕು. ಹತ್ತಿರದಲ್ಲಿ ಗುಳಿಗೆ ಸಿಗುವುದಿಲ್ಲವೇ?

ಸಿಗುವ ದಾರಿಗಳಿವೆ, ಆದರೆ ನೀವಾಗಿ ಕೇಳದಿದ್ದರೆ ಕೆಲವು ಸಲ ಯಾರೂ ಹೇಳುವುದಿಲ್ಲ. ಮೊದಲನೆಯದಾಗಿ, ನಿಮ್ಮ ಜಿಲ್ಲೆಯ ಕೇಂದ್ರದಲ್ಲೇ ಹೆಸರು ಹಚ್ಚಬೇಕೆಂಬ ಕಟ್ಟುಪಾಡಿಲ್ಲ. ಅಥಣಿಯವರಿಗೆ ಬೆಳಗಾವಿಗಿಂತ ವಿಜಯಪುರ ಬಹಳ ಹತ್ತಿರ. ರಾಮದುರ್ಗದ ಕೆಲವು ಹಳ್ಳಿಗಳಿಗೆ ಬಾಗಲಕೋಟೆಯ ಬಸ್ಸೇ ಅನುಕೂಲ. ಯಾವ ಕೇಂದ್ರ ಅನುಕೂಲವೋ ಅಲ್ಲಿಗೆ ವರ್ಗಾವಣೆ ಕೇಳಬಹುದು. ಎರಡನೆಯದಾಗಿ, ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಲಿಂಕ್ ಎಆರ್‌ಟಿ ಕೇಂದ್ರಗಳಿವೆ. ದೊಡ್ಡ ಕೇಂದ್ರದಲ್ಲಿ ಚಿಕಿತ್ಸೆ ಆರಂಭವಾಗಿ ಆರೋಗ್ಯ ಒಂದು ಹದಕ್ಕೆ ಬಂದ ಮೇಲೆ, ಪ್ರತಿ ಸಲದ ಗುಳಿಗೆಯನ್ನು ಅಲ್ಲಿಯೇ ಪಡೆಯಬಹುದು. ಮೂರನೆಯದಾಗಿ, ತಪ್ಪದೆ ಗುಳಿಗೆ ತೆಗೆದುಕೊಳ್ಳುವ, ಬೇರೆ ಕಾಯಿಲೆ ಇಲ್ಲದವರಿಗೆ ಮೂರು ತಿಂಗಳ ಗುಳಿಗೆಯನ್ನು ಒಟ್ಟಿಗೆ ಕೊಡಲು ಅವಕಾಶವಿದೆ.

ಖರ್ಚಿನ ಮಾತು ಬೇರೆಯೇ ಇದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚು ಉಳಿದಿದೆ, ಮತ್ತು ನಮ್ಮ ಕಡೆಯ ವಿಧವೆಯರು ತಪ್ಪದೆ ಬರಲು ಅದು ನಿಜವಾಗಿ ನೆರವಾದದ್ದನ್ನು ನಾನು ಕಂಡಿದ್ದೇನೆ. ಆದರೆ ದಿನದ ಪಗಾರ ಹೋಗುವುದು ಹೋಗಿಯೇ ತೀರುತ್ತದೆ. ಮುಂಜಾನೆ ಐದರ ಬಸ್ಸು ಹತ್ತಿ, ರೊಟ್ಟಿ ಕಟ್ಟಿಕೊಂಡು ಬಂದು, ಹನ್ನೊಂದರ ಹೊತ್ತಿಗೆ ಸಾಲು ಮುಗಿಯದೆ, ಮಧ್ಯಾಹ್ನದ ಬಸ್ಸು ತಪ್ಪುತ್ತದೆಂದು ಗುಳಿಗೆ ಪಡೆಯದೆಯೇ ಮರಳಿದವರಿದ್ದಾರೆ. ಹೊಲದ ಕೂಲಿಯವರಿಗೆ ಸಂತೆಯ ದಿನ ಕೆಲಸ ಇರುವುದಿಲ್ಲ. ನಿಮ್ಮ ಊರಿನ ಸಂತೆಯ ದಿನವನ್ನೇ ಮುಂದಿನ ಭೇಟಿಯ ದಿನವಾಗಿ ಬರೆಯಲು ಕೇಳಿ.

ದೀಪಾವಳಿ ಆದ ಮ್ಯಾಲ ಸಾಂಗ್ಲಿ ಕಡೆ ಕಬ್ಬ ಕಡಿಯಾಕ ಹೊಕ್ಕೀವಿ, ಯುಗಾದಿಗೆ ಬರ್ತೀವಿ. ಅಲ್ಲಿತನಕ ಗುಳಿಗಿಗೆ ಏನ ಮಾಡೂಣ?

ಚಿಕಿತ್ಸೆ ತಪ್ಪುವುದಕ್ಕೆ ನಮ್ಮ ಕಡೆ ಇದಕ್ಕಿಂತ ದೊಡ್ಡ ಕಾರಣವನ್ನು ನಾನು ಕಂಡಿಲ್ಲ. ಕೂಲಿಯವರನ್ನು ಕರೆದೊಯ್ಯುವ ಮುಕಾದಮನಿಂದ ಮುಂಗಡ ಪಡೆದು ಗಂಡ ಹೆಂಡತಿ ಇಬ್ಬರೂ ಹೋಗಿರುತ್ತಾರೆ. ಒಬ್ಬರು ಒಂದು ದಿನ ತಪ್ಪಿಸಿದರೂ ಲೆಕ್ಕದಲ್ಲಿ ಕಡಿತ. ಹೊಲದ ಬದುವಿನ ಗುಡಿಸಲಿನಿಂದ ಸಾಂಗ್ಲಿ ಪೇಟೆಗೆ ಹೋಗಲು ದಾರಿ ಗೊತ್ತಿರುವುದಿಲ್ಲ, ಮರಾಠಿ ಬಾರದವರಿಗೆ ಕೇಳಲೂ ಬಾಯಿ ಬರುವುದಿಲ್ಲ.

ಆದ್ದರಿಂದ ಕೆಲಸ ಹೊರಡುವ ಮೊದಲೇ ಆಗಬೇಕು. ಹೊರಡುವುದಕ್ಕೆ ಹದಿನೈದು ದಿನ ಮುಂಚೆ ನಿಮ್ಮ ಎಆರ್‌ಟಿ ಕೇಂದ್ರಕ್ಕೆ ಹೋಗಿ, ಯಾವ ಜಿಲ್ಲೆಗೆ, ಎಷ್ಟು ತಿಂಗಳಿಗೆ ಹೋಗುತ್ತಿದ್ದೀರಿ ಎಂದು ಹೇಳಿ, ಕೊಡಲು ಸಾಧ್ಯವಿರುವಷ್ಟು ತಿಂಗಳ ಗುಳಿಗೆಯನ್ನು ಮುಂಚಿತವಾಗಿ ಕೇಳಿ. ಸಾಂಗ್ಲಿ, ಕೊಲ್ಹಾಪುರ, ಸೋಲಾಪುರ ಮೂರರಲ್ಲೂ ಸರ್ಕಾರಿ ಎಆರ್‌ಟಿ ಕೇಂದ್ರಗಳಿವೆ, ಮತ್ತು ಚಿಕಿತ್ಸೆಯ ನಿಯಮ ದೇಶಕ್ಕೆಲ್ಲ ಒಂದೇ ಆದ್ದರಿಂದ ಅಲ್ಲಿಯೂ ಇದೇ ಗುಳಿಗೆ ಸಿಗುತ್ತದೆ. ನಿಮ್ಮ ಚಿಕಿತ್ಸಾ ಪುಸ್ತಕ ಜೊತೆಯಲ್ಲಿದ್ದರೆ ಊರಿನ ಕೇಂದ್ರದಿಂದ ಹೆಸರು ತೆಗೆಸದೆಯೇ ಅಲ್ಲಿ ತಾತ್ಕಾಲಿಕವಾಗಿ ಗುಳಿಗೆ ಪಡೆಯಬಹುದು. ವರ್ಷಗಟ್ಟಲೆ ಅಲ್ಲಿಯೇ ಇರುವುದಾದರೆ ವರ್ಗಾವಣೆ ಪತ್ರ ಮಾಡಿಸಿಕೊಳ್ಳುವುದು ಒಳ್ಳೆಯದು. ಪುಸ್ತಕ ಒಯ್ಯಲು ಹೆದರಿಕೆಯಾದರೆ ನಿಮ್ಮ ಎಆರ್‌ಟಿ ನಂಬರ್ ಮತ್ತು ಗುಳಿಗೆಯ ಹೆಸರು ಇರುವ ಪುಟದ ಫೋಟೊ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಗೋವಾಕ್ಕೆ, ಮುಂಬೈಗೆ, ಪುಣೆಗೆ ದುಡಿಯಲು ಹೋಗುವವರಿಗೂ ಇದೇ ಕ್ರಮ.

ಮನ್ಯಾಗ ಯಾರಿಗೂ ಗೊತ್ತಿಲ್ರಿ. ಬಾಟ್ಲಿ ಎಲ್ಲಿ ಇಡ್ಲಿ?

ಗುಳಿಗೆ ಮೂವತ್ತರ ಪ್ಲಾಸ್ಟಿಕ್ ಬಾಟಲಿಯಲ್ಲಿ ಬರುತ್ತದೆ, ನಡೆದಾಗ ಗಲಗಲ ಸದ್ದು ಮಾಡುತ್ತದೆ. ಇಂಡಿ ಕಡೆಯ ಒಬ್ಬ ತಾಯಿ ಆ ಸದ್ದಿಗೆ ಹೆದರಿ ಬಾಟಲಿಯ ಬಾಯಿವರೆಗೆ ಹತ್ತಿ ತುಂಬಿ, ಸೀರೆಯ ಹಳೆ ತುಂಡಿನಲ್ಲಿ ಸುತ್ತಿ, ಜೋಳದ ಡಬ್ಬಿಯ ತಳದಲ್ಲಿ ಹುದುಗಿಸಿ ಇಡುತ್ತಿದ್ದರು. ದಿನಾ ರಾತ್ರಿ ರೊಟ್ಟಿಗೆ ಹಿಟ್ಟು ತೆಗೆಯುವ ನೆಪದಲ್ಲಿ ಕೈ ಇಳಿಸಿ ಒಂದು ಗುಳಿಗೆ ತೆಗೆಯುತ್ತಿದ್ದರು. ನಾಲ್ಕು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ಹತ್ತಿ ಸ್ವಚ್ಛವಾಗಿ ಒಣಗಿದ್ದರೆ ತೊಂದರೆಯಿಲ್ಲ; ಆದರೆ ಗುಳಿಗೆಗಳನ್ನು ಬಿಡಿಯಾಗಿ ಕಾಗದದಲ್ಲಿ ಕಟ್ಟಿಡಬೇಡಿ, ತೇವ ತಾಗಿದರೆ ಕೆಡುತ್ತವೆ. ಬಾಟಲಿಯೊಳಗಿನ ತೇವ ಹೀರುವ ಪೊಟ್ಟಣವನ್ನು ಬಿಸಾಡಬೇಡಿ. ಮೇಲಿನ ಚೀಟಿಯನ್ನು ಕಿತ್ತುಹಾಕುವುದಾದರೆ ಅದಕ್ಕೆ ಮೊದಲು ಗುಳಿಗೆಯ ಹೆಸರನ್ನು ಎಲ್ಲಾದರೂ ಬರೆದಿಡಿ.

ಇಷ್ಟು ಬಚ್ಚಿಟ್ಟು ಬದುಕುವುದು ಸುಲಭವಲ್ಲ ಎಂಬುದನ್ನು ಬಲ್ಲೆ. ಯಾರಿಗಾದರೂ ಒಬ್ಬರಿಗೆ ಹೇಳಿಕೊಂಡವರು ಗುಳಿಗೆಯನ್ನು ಹೆಚ್ಚು ಕಾಲ ತಪ್ಪದೆ ತೆಗೆದುಕೊಂಡದ್ದನ್ನು ನೋಡಿದ್ದೇನೆ. ಆದರೆ ಯಾರಿಗೆ, ಯಾವಾಗ ಹೇಳಬೇಕೆಂಬುದು ನಿಮ್ಮ ತೀರ್ಮಾನ. ಅವಸರ ಮಾಡಿಸುವ ಹಕ್ಕು ಯಾರಿಗೂ ಇಲ್ಲ.

ಎರಡ ತಿಂಗಳ ಗುಳಿಗಿ ಬಿಟ್ಟೀನಿ. ಇನ್ನ ಹೋಗಾಕ ಮಾರಿ ಇಲ್ಲ.

ಹೋಗಿ. ಗುಳಿಗೆ ನಿಂತ ಕೆಲವೇ ವಾರಗಳಲ್ಲಿ ವೈರಸ್ ಮತ್ತೆ ಏರುತ್ತದೆ, ಬಿಟ್ಟು ಬಿಟ್ಟು ತೆಗೆದುಕೊಂಡರೆ ಗುಳಿಗೆಗೆ ಬಗ್ಗದಂತೆ ಗಟ್ಟಿಯಾಗುವ ಅಪಾಯವೂ ಇದೆ. ಮನೆಯಲ್ಲಿ ಉಳಿದ ಹಳೆಯ ಗುಳಿಗೆಯನ್ನು ನೀವಾಗಿಯೇ ಶುರು ಮಾಡುವ ಬದಲು ಕೇಂದ್ರಕ್ಕೆ ಹೋಗಿ ಬಿಟ್ಟದ್ದನ್ನು ಹೇಳಿ. ಒಂದು ದಿನದ ಗುಳಿಗೆ ಮರೆತಿದ್ದರೆ ನೆನಪಾದ ಕೂಡಲೇ ತೆಗೆದುಕೊಳ್ಳಬೇಕು, ಆದರೆ ಮರುದಿನ ಎರಡು ಒಟ್ಟಿಗೆ ಬೇಡ.

## ತಾಯಿ, ಮಗು, ಮತ್ತು ಲೆಕ್ಕದಿಂದ ಹೊರಗೆ ಉಳಿದವರು

ಗಂಡನ ಮನ್ಯಾಗ ತಪಾಸ್ ಆಗೇದ, ಕುಬಸ ಮಾಡಿ ತವರಿಗೆ ಕಳಿಸ್ಯಾರ. ಇಲ್ಲಿ ದವಾಖಾನಿಯವರಿಗೆ ಹೇಳ್ಬೇಕೇನ್ರಿ?

ಹೇಳಲೇಬೇಕು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವ ನಮ್ಮ ರೂಢಿಯಿಂದಾಗಿ, ತಪಾಸಣೆಯಾದ ಊರು ಒಂದು, ಹೆರಿಗೆಯ ಊರು ಇನ್ನೊಂದು ಆಗಿ, ನಡುವೆ ಮಾಹಿತಿ ಕಳೆದುಹೋಗುತ್ತದೆ. ಗಂಡನ ಊರಿನ ಆಶಾ ಕಾರ್ಯಕರ್ತೆಗೆ ಬಾಣಂತಿ ಎಲ್ಲಿದ್ದಾಳೆಂದು ಗೊತ್ತಿರುವುದಿಲ್ಲ, ತವರಿನವರಿಗೆ ಇವಳಿಗೆ ಗುಳಿಗೆ ಬೇಕೆಂದೇ ತಿಳಿದಿರುವುದಿಲ್ಲ. ಯಾವ ಕ್ರಮವನ್ನೂ ಕೈಗೊಳ್ಳದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಾಧ್ಯತೆ ನೂರಕ್ಕೆ 15ರಿಂದ 45ರವರೆಗೆ ಇರುತ್ತದೆ. ತಾಯಿ ಗುಳಿಗೆಯನ್ನು ತಪ್ಪದೆ ತೆಗೆದುಕೊಂಡು, ಹುಟ್ಟಿದ ಮಗುವಿಗೂ ಔಷಧ ಹನಿಸಿದರೆ ಅದು 5ಕ್ಕಿಂತ ಕೆಳಗೆ ಇಳಿಯುತ್ತದೆ. ತವರಿಗೆ ಹೊರಡುವ ಮೊದಲು ತಾಯಿ ಕಾರ್ಡ್ ಜೊತೆಗೆ ಚಿಕಿತ್ಸಾ ಪುಸ್ತಕವನ್ನೂ ಇಟ್ಟುಕೊಂಡು, ಎಲ್ಲಿ ಹೆರಿಗೆ ಎಂಬುದನ್ನು ಸಮಾಲೋಚಕರಿಗೆ ತಿಳಿಸಿದರೆ ಅವರು ಅಲ್ಲಿಯ ಐಸಿಟಿಸಿಯ ಜೊತೆ ನೇರವಾಗಿ ಮಾತನಾಡುತ್ತಾರೆ. ನಿಮ್ಮ ತಾಯಿ ತಂದೆಗೆ ಹೇಳದೆಯೂ ಇದನ್ನು ಮಾಡಬಹುದು.

ಮಗುವಿಗೆ ಎದೆಹಾಲು ಕೊಡಬಹುದೇ? ಮಗುವಿನ ತಪಾಸಣೆ ಯಾವಾಗ?

ತಾಯಿ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಮೊದಲ ಆರು ತಿಂಗಳು ಎದೆಹಾಲನ್ನೇ, ಎದೆಹಾಲನ್ನು ಮಾತ್ರ ಕೊಡಬೇಕು. ಎದೆಹಾಲಿನ ಜೊತೆ ಆಕಳ ಹಾಲು, ಜೇನುತುಪ್ಪ, ಗುಟ್ಟಿಗಳನ್ನು ಬೆರೆಸುವುದೇ ಅಪಾಯಕಾರಿ. ಹುಟ್ಟಿದ ಮಗುವಿನಲ್ಲಿ ತಾಯಿಯ ಪ್ರತಿಕಾಯಗಳು ಇರುವುದರಿಂದ ಸಾಮಾನ್ಯ ಕಿಟ್ ಉಪಯೋಗಕ್ಕೆ ಬರುವುದಿಲ್ಲ. ಆರನೇ ವಾರದಲ್ಲಿ ಹಿಮ್ಮಡಿಯಿಂದ ಕೆಲವು ಹನಿ ರಕ್ತವನ್ನು ಕಾಗದದ ಮೇಲೆ ಒಣಗಿಸಿ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಆರು ತಿಂಗಳಿಗೆ, ವರ್ಷಕ್ಕೆ ಮತ್ತೆ ನೋಡಿ, ಹದಿನೆಂಟು ತಿಂಗಳಿಗೆ ಕೊನೆಯ ತಪಾಸಣೆ ಮಾಡುತ್ತಾರೆ. ಆರನೇ ವಾರದ ಹೊತ್ತಿಗೆ ಬಾಣಂತಿ ಇನ್ನೂ ತವರಿನಲ್ಲೇ ಇರುತ್ತಾಳೆ, ಹದಿನೆಂಟನೇ ತಿಂಗಳಿಗೆ ಮಗು ಚೆನ್ನಾಗಿ ಓಡಾಡುತ್ತಿರುವುದರಿಂದ ಯಾರಿಗೂ ನೆನಪಿರುವುದಿಲ್ಲ. ನಾಲ್ಕೂ ದಿನಾಂಕಗಳನ್ನು ತಾಯಿ ಕಾರ್ಡಿನ ಹಿಂದೆ ಬರೆಸಿಕೊಳ್ಳಿ.

ಹುಟ್ಟಿನಿಂದಲೇ ಸೋಂಕಿರುವ ಮಗನಿಗೆ ಈಗ ಹನ್ನೊಂದು. ‘ಇದು ಯಾಕಿನ ಗುಳಿಗಿ’ ಅಂತ ಕೇಳ್ತಾನ.

ಕೇಳುತ್ತಾನೆಂದರೆ ಹೇಳುವ ಸಮಯ ಬಂದಿದೆ. ಹತ್ತು ಹನ್ನೆರಡರ ಒಳಗೆ ಅವನ ವಯಸ್ಸಿಗೆ ತಕ್ಕ ಮಾತಿನಲ್ಲಿ ಪೂರ್ತಿ ವಿಷಯ ತಿಳಿಸುವುದು ಒಳ್ಳೆಯದು, ಮತ್ತು ಇದನ್ನು ನೀವೊಬ್ಬರೇ ಮಾಡಬೇಕಾಗಿಲ್ಲ. ಎಆರ್‌ಟಿ ಕೇಂದ್ರದ ಸಮಾಲೋಚಕರು ಜೊತೆಗೆ ಕೂರುತ್ತಾರೆ. ‘ಶಕ್ತಿಯ ಗುಳಿಗೆ’ ಎಂದು ನಂಬಿಸಿದ ಮಕ್ಕಳು ಹಾಸ್ಟೆಲ್ ಸೇರಿದ ಮೇಲೆ, ‘ಈಗ ನನಗೆ ಶಕ್ತಿ ಇದೆ’ ಎಂದು ಬಿಟ್ಟುಬಿಡುತ್ತಾರೆ. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡು ಅಜ್ಜಿಯ ಮನೆಯಲ್ಲಿ ಬೆಳೆಯುವ ಮಕ್ಕಳ ವಿಷಯದಲ್ಲಿ ಅಜ್ಜಿಗೂ ಗುಳಿಗೆಯ ಮಹತ್ವ ಹೇಳಿಕೊಡುವುದು ಅಷ್ಟೇ ಅಗತ್ಯ.

ನಾ ಮಾಜಿ ದೇವದಾಸಿ. ಅಲ್ಲಿ ಹೋದ್ರ ಮೊದಲ ‘ಗಂಡನ ಹೆಸರೇನ’ ಅಂತ ಕೇಳ್ತಾರ. ಏನ್ ಹೇಳ್ಲಿ?

ಗಂಡನ ಹೆಸರು ಚಿಕಿತ್ಸೆಗೆ ಬೇಕಾದ ಮಾಹಿತಿಯೇ ಅಲ್ಲ. ತಾಯಿಯ ಹೆಸರನ್ನು ಬರೆಸಬಹುದು. ಸಣ್ಣ ಪ್ರಶ್ನೆ ಎಂದು ಕೇಳುವವರಿಗೆ ಅನ್ನಿಸಬಹುದು, ಆದರೆ ಆ ಒಂದು ಪ್ರಶ್ನೆಗೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಾರೆ. ಒಬ್ಬ ಹಿರಿಯರು ಅದರ ನಂತರ ಒಂದೂವರೆ ವರ್ಷ ಕಾಲಿಡಲಿಲ್ಲ.

ದೇವದಾಸಿಯಾಗಿ ಬಿಡುವುದನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿತು. ಅದಕ್ಕಿಂತ ಮೊದಲು, ಮತ್ತು ಗುಟ್ಟಾಗಿ ಅದರ ನಂತರವೂ ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಅನೇಕರು ಸವದತ್ತಿ, ಮುಧೋಳ, ಜಮಖಂಡಿ, ರಾಯಬಾಗ, ಅಥಣಿ ಕಡೆಗಳಲ್ಲಿ ಈಗ ಐವತ್ತು ಅರವತ್ತು ದಾಟಿದ್ದಾರೆ. ಎಚ್‌ಐವಿ ತಡೆ ಕಾರ್ಯಕ್ರಮಗಳು ಲೈಂಗಿಕ ವೃತ್ತಿಯಲ್ಲಿರುವವರನ್ನು ಹುಡುಕಿಕೊಂಡು ಹೋಗುತ್ತವೆ. ವಯಸ್ಸಾಗಿ ಆ ವೃತ್ತಿಯಿಂದ ಹೊರಬಂದವರು ಆ ಪಟ್ಟಿಯಿಂದ ಬಿಟ್ಟುಹೋಗುತ್ತಾರೆ, ಸಾಮಾನ್ಯ ಮಹಿಳೆಯರ ಕಾರ್ಯಕ್ರಮಗಳೋ ಗರ್ಭಿಣಿಯರನ್ನೇ ನೋಡುತ್ತವೆ. ಹೀಗೆ ಎರಡೂ ಪಟ್ಟಿಗಳ ನಡುವೆ ಉಳಿದವರು ನೀವಾಗಿದ್ದರೆ, ಒಮ್ಮೆಯೂ ತಪಾಸಣೆ ಆಗಿಲ್ಲವೆಂದರೆ, ದಯವಿಟ್ಟು ಮಾಡಿಸಿಕೊಳ್ಳಿ. ಯಲ್ಲಮ್ಮನ ಸೇವೆಗೆ ನಿಂತು ಹೆಣ್ಣುಡುಗೆ ಉಡುವ ಜೋಗಪ್ಪನವರ ಕಷ್ಟವೂ ಇದಕ್ಕೆ ಹತ್ತಿರದ್ದೇ: ಸೀರೆ ಉಟ್ಟವರನ್ನು ಯಾವ ಸಾಲಿನಲ್ಲಿ ನಿಲ್ಲಿಸಬೇಕೆಂಬ ವಾದವೇ ಮುಗಿಯದೆ ಅವರ ಸರದಿ ಹೋಗುತ್ತದೆ. ಲಿಂಗತ್ವ ಅಲ್ಪಸಂಖ್ಯಾತರ ನಡುವೆ ಕೆಲಸ ಮಾಡುವ ಕಾರ್ಯಕರ್ತರ ಜೊತೆ ಮೊದಲ ಸಲ ಹೋಗುವುದು ಅವರಿಗೆ ಅನುಕೂಲ.

## ಹಕ್ಕು ಮತ್ತು ಕಾನೂನು

ಆಪರೇಷನ್‌ಗೆ ಮೊದಲು ನನ್ನನ್ನು ಕೇಳದೆ ಎಚ್‌ಐವಿ ತಪಾಸಣೆ ಮಾಡಿ, ಪಾಸಿಟಿವ್ ಬಂದ ಮೇಲೆ ಬೇರೆ ಕಡೆ ಹೋಗಿ ಎಂದರು. ಇದು ಸರಿಯೇ?

ಎರಡೂ ಕಾನೂನಿಗೆ ವಿರುದ್ಧ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ, ತಿಳಿಸಿ ಹೇಳಿ ಒಪ್ಪಿಗೆ ಪಡೆಯದೆ ತಪಾಸಣೆ ಮಾಡುವಂತಿಲ್ಲ, ಸೋಂಕಿದೆ ಎಂಬ ಕಾರಣಕ್ಕೆ ಚಿ‌ಕಿತ್ಸೆ ನಿರಾಕರಿಸುವಂತಿಲ್ಲ, ಒಪ್ಪಿಗೆಯಿಲ್ಲದೆ ಯಾರಿಗೂ ವಿಷಯ ತಿಳಿಸುವಂತಿಲ್ಲ. ಇದು ಖಾಸಗಿ ಆಸ್ಪತ್ರೆಗೂ ಅನ್ವಯಿಸುತ್ತದೆ. ನಾನು ಜೊತೆಗಿದ್ದ ಒಬ್ಬರಿಗೆ ಹರ್ನಿಯಾ ಆಪರೇಷನ್ ದಿನ ನಿಗದಿಯಾಗಿತ್ತು. ಹಿಂದಿನ ಸಂಜೆ ಅವರ ಹಾಸಿಗೆಯ ತಲೆದಿಂಬಿನ ಹತ್ತಿರ ಕೆಂಪು ಚೀಟಿ ಅಂಟಿಸಿದರು, ಮುಂಜಾನೆ ‘ಮಷೀನು ಕೆಟ್ಟಿದೆ’ ಎಂದರು. ‘ಇದನ್ನೇ ಬರೆದು ಕೊಡಿ’ ಎಂದು ಕೇಳಿದ ಮೇಲೆ ಮಧ್ಯಾಹ್ನ ಆಪರೇಷನ್ ಆಯಿತು. ನಿರಾಕರಣೆಯನ್ನು ಬರಹದಲ್ಲಿ ಕೇಳುವುದು ಬಹಳ ಸಲ ಕೆಲಸ ಮಾಡುತ್ತದೆ. ಆಗದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಮತ್ತು ಕಾಯ್ದೆಯಲ್ಲಿ ಹೇಳಿರುವ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು; ತುರ್ತು ವೈದ್ಯಕೀಯ ಸಂದರ್ಭದಲ್ಲಿ 24 ಗಂಟೆಯೊಳಗೆ ಆದೇಶ ಕೊಡಬೇಕೆಂದು ಕಾಯ್ದೆ ಹೇಳುತ್ತದೆ.

ಗಂಡ ಸತ್ತ ಮ್ಯಾಲ ‘ನಿನಗೂ ಐತಿ’ ಅಂತ ಮನಿ ಬಿಟ್ಟ ಹೋಗಂದ್ರು.

ಕೂಡಿ ಬಾಳಿದ ಮನೆಯಲ್ಲಿ ಇರುವ ಹಕ್ಕನ್ನು ಅದೇ ಕಾಯ್ದೆ ನಿಮಗೆ ಕೊಡುತ್ತದೆ. ಸೋಂಕಿನ ಕಾರಣಕ್ಕೆ ಹೊರಹಾಕುವಂತಿಲ್ಲ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರ ಮಹಿಳೆಯರಿಗೆ ವಕೀಲರನ್ನು ಉಚಿತವಾಗಿ ಒದಗಿಸುತ್ತದೆ. ನ್ಯಾಯಾಲಯದಲ್ಲಿ ನಿಮ್ಮ ನಿಜ ಹೆಸರಿನ ಬದಲು ಬೇರೆ ಹೆಸರಿನಲ್ಲಿ ಪ್ರಕರಣ ನಡೆಸುವಂತೆ ಕೇಳಿಕೊಳ್ಳಬಹುದು. ಆಸ್ತಿಯ ಹಂಚಿಕೆ ಬೇರೆ ಮಾತು, ಅದಕ್ಕೂ ಇದೇ ವಕೀಲರನ್ನು ಕೇಳಿ.

## ಚಿಕಿತ್ಸೆಯಲ್ಲಿ ಇರುವವರ ಪ್ರಶ್ನೆಗಳು

ಕೆಮ್ಮು ಮೂರು ವಾರ ಆತು. ಟಿಬಿ ದವಾಖಾನಿ ಬ್ಯಾರೆ, ಎಆರ್‌ಟಿ ಬ್ಯಾರೆ. ಎಲ್ಲೆಲ್ಲಿ ಅಡ್ಯಾಡ್ಲಿ?

ಎಆರ್‌ಟಿ ಕೇಂದ್ರಕ್ಕೇ ಹೋಗಿ. ಎಚ್‌ಐವಿ ಇರುವವರ ಸಾವಿಗೆ ಬಹುಮುಖ್ಯ ಕಾರಣ ಟಿಬಿ. ಆದ್ದರಿಂದ ಪ್ರತಿ ಭೇಟಿಯಲ್ಲೂ ಕೆಮ್ಮು, ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು ಇವನ್ನು ಕೇಳಬೇಕು. ಕೇಳದಿದ್ದರೂ ನೀವೇ ಹೇಳಿ. ಇಬ್ಬಗೆಯ ಓಡಾಟ ತಪ್ಪಿಸಲು ಎರಡೂ ಔಷಧಗಳನ್ನು ಎಆರ್‌ಟಿ ಕೇಂದ್ರದಲ್ಲೇ ಕೊಡುವ ವ್ಯವಸ್ಥೆ ಮಾಡಲಾಗಿದೆ. ಟಿಬಿಯ ರಿಫಾಂಪಿಸಿನ್ ಔಷಧ ಡೊಲುಟೆಗ್ರಾವಿರ್‌ನ ಬಲ ತಗ್ಗಿಸುವುದರಿಂದ ಆ ತಿಂಗಳುಗಳಲ್ಲಿ ಹನ್ನೆರಡು ಗಂಟೆ ಬಿಟ್ಟು ಇನ್ನೊಂದು ಡೊಲುಟೆಗ್ರಾವಿರ್ ಗುಳಿಗೆ ಕೊಡುತ್ತಾರೆ; ಅದನ್ನು ಬಿಡಬೇಡಿ. ಟಿಬಿ ರೋಗಿಗಳ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ, ಅರ್ಜಿ ಹಾಕಿದ್ದಾರೆಯೇ ವಿಚಾರಿಸಿ.

ರಕ್ತ ಕಡಿಮಿ ಐತಿ ಅಂತ ಕಬ್ಬಿಣದ ಗುಳಿಗಿ ಕೊಟ್ಟಾರ. ಎರಡೂ ಕೂಡಿ ತಗೊಳ್ಳಬೌದೇನು?

ಬರಿಹೊಟ್ಟೆಯಲ್ಲಿ ಕೂಡಿಸಿ ತೆಗೆದುಕೊಂಡರೆ ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆಗಳು ಡೊಲುಟೆಗ್ರಾವಿರ್ ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಊಟದ ಜೊತೆಗಾದರೆ ಒಟ್ಟಿಗೆ ತೆಗೆದುಕೊಳ್ಳಬಹುದು. ಇಲ್ಲವಾದರೆ ಎಆರ್‌ಟಿ ಗುಳಿಗೆಯನ್ನು ಅವಕ್ಕಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ನುಂಗಿ. ಎದೆಯುರಿಗೆಂದು ತೆಗೆದುಕೊಳ್ಳುವ ಅನೇಕ ಆ್ಯಂಟಾಸಿಡ್‌ಗಳನ್ನು ಮಾತ್ರ ಊಟದ ಜೊತೆಗೂ ಕೂಡಿಸಬೇಡಿ, ಅವಕ್ಕೆ ಯಾವಾಗಲೂ ಈ ಅಂತರ ಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು ಅದನ್ನೂ ಹೇಳಬೇಕು, ಪ್ರಮಾಣ ತಗ್ಗಿಸಬೇಕಾಗಬಹುದು. ಊರಿನ ವೈದ್ಯರಿಗೆ ಎಚ್‌ಐವಿ ವಿಷಯ ಹೇಳದವರಿಗೆ ಇದು ತೊಡಕಿನ ಮಾತು. ಅಂಥವರು ಊರಿನಲ್ಲಿ ಕೊಟ್ಟ ಎಲ್ಲ ಗುಳಿಗೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಎಆರ್‌ಟಿ ವೈದ್ಯರಿಗೆ ತೋರಿಸಿ.

ದವಾಖಾನೆಯಲ್ಲಿ ಕಸ ತೆಗೆಯುವಾಗ ಬಳಸಿದ ಸೂಜಿ ಚುಚ್ಚಿತು. ಏನು ಮಾಡಲಿ?

ಸೋಪು ನೀರಿನಲ್ಲಿ ತೊಳೆದು, ಹಿಂಡದೆ, ಕೂಡಲೇ ವೈದ್ಯರನ್ನು ಕಾಣಿ. ಎರಡು ಗಂಟೆಯೊಳಗೆ ಆದರೆ ಅತ್ಯುತ್ತಮ, 72 ಗಂಟೆ ಮೀರಿದರೆ ಉಪಯೋಗವಿಲ್ಲ. ತಡೆ ಔಷಧವನ್ನು 28 ದಿನ ತೆಗೆದುಕೊಳ್ಳಬೇಕು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೂ ಇದೇ ಔಷಧವಿದೆ. ಇದು ನರ್ಸ್ ಮತ್ತು ವೈದ್ಯರಿಗೆ ಮಾತ್ರವೆಂದು ಗುತ್ತಿಗೆಯ ಸ್ವಚ್ಛತಾ ಕೆಲಸದವರನ್ನು ಮರಳಿ ಕಳುಹಿಸಿದ್ದುಂಟು, ಅದು ತಪ್ಪು.

ವೈರಲ್ ಲೋಡ್ ‘ಕಾಣಿಸುತ್ತಿಲ್ಲ’ ಎಂದು ಬಂದಿದೆ. ಗುಣವಾಯಿತೇ? ಆ ತಪಾಸಣೆ ವರ್ಷವಾದರೂ ಮತ್ತೆ ಮಾಡಿಲ್ಲ.

ವೈರಲ್ ಲೋಡ್ ಎಂದರೆ ರಕ್ತದಲ್ಲಿ ಎಷ್ಟು ವೈರಸ್ ಇದೆ ಎಂಬ ಲೆಕ್ಕ. ಗುಣವಾಗಿಲ್ಲ, ಹಿಡಿತದಲ್ಲಿದೆ. ಗುಳಿಗೆ ಮುಂದುವರಿಯಬೇಕು. ಆದರೆ ವೈರಲ್ ಲೋಡ್ 200ಕ್ಕಿಂತ ಕೆಳಗೆ ಉಳಿದಿರುವವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಸೋಂಕು ದಾಟುವುದಿಲ್ಲ ಎಂಬುದು ಈಗ ಸ್ಥಿರಪಟ್ಟಿರುವ ಸಂಗತಿ. ಮದುವೆಯ ಮಾತು ಬಂದಾಗ ಕುಗ್ಗಿ ಕುಳಿತ ಎಷ್ಟೋ ಹುಡುಗ ಹುಡುಗಿಯರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಈ ತಪಾಸಣೆ 2018ರಿಂದ ಎಲ್ಲ ಸೋಂಕಿತರಿಗೂ ಉಚಿತವಾಗಿದೆ: ಗುಳಿಗೆ ಆರಂಭಿಸಿದ ಆರನೇ ತಿಂಗಳಿಗೆ, ಹನ್ನೆರಡನೆಯದಕ್ಕೆ, ಆಮೇಲೆ ವರ್ಷಕ್ಕೊಮ್ಮೆ. ಲಿಂಕ್ ಕೇಂದ್ರದಲ್ಲಿ ಗುಳಿಗೆ ಪಡೆಯುವವರಿಗೆ ಮತ್ತು ಹಂಗಾಮಿನಲ್ಲಿ ಊರು ಬಿಡುವವರಿಗೆ ಇದು ತಪ್ಪುವುದು ಹೆಚ್ಚು, ಏಕೆಂದರೆ ರಕ್ತ ಸಂಗ್ರಹಿಸುವ ದಿನವೂ ಇವರು ಬರುವ ದಿನವೂ ಹೊಂದುವುದಿಲ್ಲ. 1000ಕ್ಕಿಂತ ಮೇಲೆ ಬಂದರೆ ಮೊದಲು ಗುಳಿಗೆ ತಪ್ಪುತ್ತಿದೆಯೇ ಎಂದು ಸಮಾಲೋಚಕರ ಜೊತೆ ಕೂತು ನೋಡಿ, ಸುಮಾರು ಮೂರು ತಿಂಗಳ ನಂತರ ಮತ್ತೆ ಪರೀಕ್ಷಿಸುತ್ತಾರೆ. ಆಗಲೂ ಇಳಿಯದಿದ್ದರೆ ಎರಡನೇ ಹಂತದ ಔಷಧಕ್ಕೆ ಬದಲಾಯಿಸುವ ಬಗ್ಗೆ ತಜ್ಞರ ಸಮಿತಿ ತೀರ್ಮಾನಿಸುತ್ತದೆ, ಆ ಔಷಧವೂ ಉಚಿತ. ನಿಮ್ಮ ಪುಸ್ತಕದಲ್ಲಿ ಕೊನೆಯ ವೈರಲ್ ಲೋಡ್ ದಿನಾಂಕ ನೋಡಿಕೊಳ್ಳಿ. ವರ್ಷ ದಾಟಿದ್ದರೆ ರಕ್ತ ಯಾವ ವಾರ ತೆಗೆಯುತ್ತಾರೆಂದು ಫೋನಿನಲ್ಲಿ ವಿಚಾರಿಸಿಕೊಂಡು, ಆ ದಿನವೇ ಗುಳಿಗೆಯ ದಿನವೂ ಆಗುವಂತೆ ಬರೆಸಿಕೊಂಡು ಹೋಗಿ.